ಅರಳಿ ಎಲೆಗೆ ಒಂದು ನರ ಹೆಚ್ಚು

ಗುರು ಅಂದಕೂಡಲೇ ಬಿಳಿ ಗಡ್ಡ, ಶಾಂತ ಮುಖ, ತುಟಿಯಲ್ಲಿ ಮುಗುಳ್ನಗೆ ಅಂತ ಕಲ್ಪಿಸಿಕೊಳ್ಳುವ ಅಭ್ಯಾಸ ನಮಗೆ. ತಾಮ್ರ ಬಡಿಯುವ ಕಾಳಪ್ಪ ಪತ್ತಾರರು ಹಾಗಿರಲಿಲ್ಲ, ಮೊದಲೇ ಹೇಳಿಬಿಡುತ್ತೇನೆ. ವಾರಕ್ಕೊಮ್ಮೆ ಗಡ್ಡ ಬೋಳಿಸುತ್ತಿದ್ದರು, ತಂಬಾಕು ತಿನ್ನುತ್ತಿದ್ದರು, ಸಿಟ್ಟು ಬಂದರೆ ಸುತ್ತಿಗೆಗೂ ಬೈಯುತ್ತಿದ್ದರು. ನಗುವುದು ಮಾತ್ರ ಅಪರೂಪ.

ಹೊಳೆ ದಂಡೆಯ ಮೇಲೊಂದು ತಗಡಿನ ಚಪ್ಪರ. ಅದರೊಳಗೆ ಒಂದು ಕುಲುಮೆ, ಅದಕ್ಕೆ ಗಾಳಿ ಊದುವ ಒಂದು ತಿದಿ, ಐವತ್ತೋ ಅರವತ್ತೋ ಉಳಿ. ಇದೇ ಅವರ ಆಶ್ರಮ ಅಂದುಕೊಳ್ಳಿ.

ಎರಡು ತಿಂಗಳ ಹಿಂದೆ ಅಲ್ಲಿಗೆ ದಾಕ್ಷಾಯಣಿ ಎಂಬ ಹುಡುಗಿ ಬಂದಳು. ಪಟ್ಟಣದ ಡಿಸೈನ್ ಕಾಲೇಜಿನಲ್ಲಿ ಕೊನೆಯ ವರ್ಷ. ಕೊನೆಯ ಪ್ರಾಜೆಕ್ಟಿಗೆ ಅವಳು ಆರಿಸಿಕೊಂಡದ್ದು ಗೋಡೆಯ ಮೇಲೆ ತೂಗುಹಾಕುವ ತಾಮ್ರದ ಎಲೆಗಳು. ಆಲ, ಮಾವು, ಹಲಸು, ಮುತ್ತುಗ, ವೀಳ್ಯ, ಬಾದಾಮಿ, ಅರಳಿ. ಒಟ್ಟು ಏಳು, ಒಂದೊಂದೂ ಗೇಣಿಗಿಂತ ತುಸು ದೊಡ್ಡದು.

ಕಾಲೇಜಿನವರು ಒಂದು ಕಾಗದ ಕೊಟ್ಟು ಕಳಿಸಿದ್ದರು. ಕೆಲಸ ಕಲಿಸಿದವರು ಅದರಲ್ಲಿ ಬರೆದು ಸಹಿ ಹಾಕಬೇಕು. ಎಷ್ಟು ಎಲೆ ಆದವು, ಎಲ್ಲ ನೆಟ್ಟಗಿವೆಯೇ, ಇವಳೇ ಮಾಡಿದಳೇ. ಏಳರಲ್ಲಿ ಒಂದು ಕಡಿಮೆಯಾದರೂ ಪ್ರಾಜೆಕ್ಟ್ ಪಾಸಿಲ್ಲ. ಪಾಸಾಗದಿದ್ದರೆ ಇಡೀ ವರ್ಷ ಮತ್ತೆ ಓದಬೇಕು.

"ಇನ್ನೊಂದು ವರ್ಷ ಓದಸಾಕ ನನ್ನ ಕೈಲೆ ಆಗೂದಿಲ್ಲ. ಈ ಸಲ ಆಗಲಿಲ್ಲಂದ್ರ ಗಂಟು ಕಟ್ಕೊಂಡು ಮನೀಗೆ ಬಂದುಬಿಡು," ಎಂದು ಅವ್ವ ಫೋನಿನಲ್ಲಿ ಹೇಳಿಯಾಗಿತ್ತು. ಅವ್ವ ಸುಮ್ಮನೆ ಹೆದರಿಸುವವಳಲ್ಲ.

ಪರೀಕ್ಷೆ ನಾಳೆ ಬೆಳಿಗ್ಗೆ. ಬಸ್ಸು ಇವತ್ತು ಹನ್ನೊಂದಕ್ಕೆ. ಈಗ ಎಂಟೂವರೆ.

ಏಳು ಎಲೆಗಳೂ ಕಾಳಪ್ಪ ಅಜ್ಜನ ಮುಂದೆ ಇವೆ. ಏಳರಲ್ಲಿ ಒಂದು ಒಡೆದದ್ದು. ಅದು ದಾಕ್ಷಾಯಣಿಗೆ ಗೊತ್ತು. ಅಜ್ಜನಿಗೆ ಗೊತ್ತಿಲ್ಲ ಅಂತ ಅವಳು ತಿಳಿದಿದ್ದಾಳೆ.

ಹೇಗೆ ಒಡೆಯಿತು ಅಂತ ಹೇಳುತ್ತೇನೆ ಕೇಳಿ.

ಬಂದ ಮೊದಲ ದಿನವೇ ಅಜ್ಜ ಹೇಳಿದ್ದರು.

"ತಾಮ್ರ ಬಡದಂಗ ಬಡದಂಗ ಬಿಗೀತೈತಿ. ಬಿಗಿದ ಮ್ಯಾಲೆ ಬೆಂಕಿಗೆ ಹಾಕಿ ಮೆತ್ತಗ ಮಾಡ್ಕೋಬೇಕು, ಆಮ್ಯಾಲೆ ಮತ್ತ ಬಡೀಬೇಕು. ಇಲ್ಲಂದ್ರ ಒಡೀತೈತಿ."

"ಬಿಗಿದದ್ದು ಹೆಂಗ ಗೊತ್ತಾಗ್ತೈತ್ರೀ ಅಜ್ಜಾರ?"

"ಅದ ಹೇಳ್ತೈತಿ. ಮೆತ್ತಗಿದ್ದಾಗ ಡಬ್ ಡಬ್ ಅಂತೈತಿ. ಬಿಗಿತು ಅಂದ್ರ ಟಣ್ ಅಂತೈತಿ. ಬಡೀವಾಗ ಕಣ್ಣು ಮುಚ್ಚಿದ್ರೂ ನಡೀತೈತಿ. ಕಿವಿ ಮುಚ್ಚಬ್ಯಾಡ."

ಆರು ಎಲೆ ಆಗುವವರೆಗೆ ಅವಳು ಕಿವಿ ತೆರೆದೇ ಇಟ್ಟಿದ್ದಳು. ಕೊನೆಗೆ ಉಳಿದದ್ದು ಅರಳಿ. ಏಳರಲ್ಲಿ ಅದೇ ಕಷ್ಟದ್ದು. ಹೊಟ್ಟೆ ಅಗಲ, ಬಾಲ ಉದ್ದ. ಬಾಲ ಎಳೆಯುತ್ತ ಹೋದಂತೆ ತಗಡು ತೆಳ್ಳಗಾಗುತ್ತದೆ.

ನಾಲ್ಕು ದಿನದ ಹಿಂದೆ ಬಾಲದ ಕೆಲಸ ನಡೆದಿತ್ತು. ಅಷ್ಟರಲ್ಲಿ ಗೆಳತಿಯ ಫೋನು. ಪರೀಕ್ಷೆಯ ದಿನ ಬದಲಾಗಿದೆಯಂತೆ, ಹೇಳಿದ್ದಕ್ಕಿಂತ ಒಂದು ವಾರ ಮೊದಲೇ ಇಟ್ಟಿದ್ದಾರಂತೆ. ಕೆಲಸ ನಿಲ್ಲಿಸಲು ಹೊತ್ತಿಲ್ಲ, ಫೋನ್ ಇಡಲು ಮನಸ್ಸಿಲ್ಲ. ಎರಡೂ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮಾತಾಡುತ್ತಲೇ ಬಡಿದಳು.

ತಾಮ್ರ ಹೇಳಬೇಕಾದ್ದನ್ನು ಹೇಳಿತು. ಅವಳ ಕಿವಿಯಲ್ಲಿ ಗೆಳತಿ ಇದ್ದಳು.

ಕೈಗೆ ಏನೋ ಬೇರೆ ಅನ್ನಿಸಿ ನೋಡಿದಾಗ ಆಗಿಹೋಗಿತ್ತು. ಬಾಲದಿಂದ ಹೊಟ್ಟೆಯವರೆಗೆ ಕೂದಲೆಳೆಯಷ್ಟು ಬಿರುಕು.

ಆಗಲೇ ಹೇಳಿಬಿಡಬಹುದಿತ್ತು. ಆದರೆ ಹೊಸದಾಗಿ ಒಂದು ಅರಳಿ ಎಲೆ ಎಬ್ಬಿಸಲು ಆರು ದಿನ ಬೇಕು, ಉಳಿದದ್ದು ನಾಲ್ಕು. ಮರುದಿನ ಮಧ್ಯಾಹ್ನ ಅಜ್ಜ ಊಟಕ್ಕೆ ಹೋದಾಗ ಅವಳು ಗೂಡಿನಿಂದ ತವರದ ತುಂಡು ತೆಗೆದಳು. ಪಾತ್ರೆಗೆ ಕಲಾಯಿ ಮಾಡುತ್ತಾರಲ್ಲ, ಆ ತವರ. ಹಿಂದಿನಿಂದ ಕರಗಿಸಿ ಬಿರುಕಿಗೆ ತುಂಬಿದಳು. ಮುಂದೆ ಬಿರುಕಿನ ಮೇಲೆಯೇ ಉಳಿ ಹಿಡಿದು ಒಂದು ನರ ಎಳೆದಳು. ಎಲೆ ಅಂದಮೇಲೆ ನರ ಇದ್ದೇ ಇರುತ್ತದೆ, ಹತ್ತು ಇದ್ದಲ್ಲಿ ಹನ್ನೊಂದಾಯಿತು. ಎಲ್ಲ ನರಗಳಿಗೂ ಎಣ್ಣೆಮಸಿ ತುಂಬಿ ಒರೆಸಿದಳು, ತವರ ಕಾಣದಂತೆ ಹಿಂದೆಯೂ ಬಳಿದಳು.

ಚಂದ ಕಂಡಿತು. ಅದೇ ನೋಡಿ ಅನಾಹುತ, ಏಳರಲ್ಲಿ ಅದೇ ಚಂದ ಕಂಡಿತು.

ಈಗ ಅಜ್ಜ ಒಂದೊಂದೇ ಎಲೆ ಎತ್ತಿ, ತಿರುಗಿಸಿ, ಬೆರಳಾಡಿಸಿ ಕೆಳಗಿಡುತ್ತಿದ್ದರು. ಆರು ಎಲೆಗೆ ಒಂದು ಮಾತೂ ಇಲ್ಲ. ಅರಳಿ ಎಲೆಗೆ ಬಂದಾಗ ಬೆರಳು ನಿಂತಿತು.

"ಇದಕ್ಕ ಒಂದು ನರ ಹೆಚ್ಚಾತಲ್ಲ ತಂಗಿ?"

ಅವಳು ಎಲೆಯ ಕಡೆ ನೋಡದೆ ಹೇಳಿದಳು.

"ಅದು ಡಿಸೈನ್ ರೀ ಅಜ್ಜಾರ."

"ಡಿಸೈನ್," ಎಂದರು ಅಜ್ಜ. "ಬಲಕ್ಕ ಐದು, ಎಡಕ್ಕ ಆರು."

"ಗಿಡದಾಗೂ ಹಂಗ ಇರ್ತಾವಲ್ರೀ. ಎಲ್ಲಾ ಎಲಿ ಒಂದ ಥರ ಎಲ್ಲಿರ್ತಾವ?"

"ಖರೇ ಐತಿ." ಅಜ್ಜ ಎಲೆಯನ್ನು ಕೆಳಗಿಟ್ಟರು. "ಗಿಡದಾಗ ಎಲ್ಲಾ ಥರದ್ದೂ ಇರ್ತಾವ."

ಅವಳಿಗೆ ಹೋದ ಜೀವ ಬಂದಂತಾಯಿತು. ತಡಮಾಡದೆ ಕಾಗದ, ಪೆನ್ನು ಮುಂದಿಟ್ಟಳು.

"ಇಲ್ಲೊಂದು ಸಹಿ ಹಾಕಿಬಿಡ್ರೀ."

ಅಜ್ಜ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಇಟ್ಟುಕೊಂಡರು.

"ಕುಲುಮಿ ಹಚ್ಚು."

"ಯಾಕ್ರೀ?"

"ಕಡೇ ಬೆಂಕಿ ಕೊಡಬೇಕಲ್ಲ."

"ಹಂಗಂದ್ರೇನ್ರೀ?"

"ಹೊಸಾ ಸಾಮಾನು ಯಾವುದ ಇರಲಿ, ಇಲ್ಲಿಂದ ಹೊರಗ ಹೋಗೂ ಮುಂದ ಒಂದು ಸಲ ಬೆಂಕಿ ಕಂಡ ಹೋಗ್ಬೇಕು. ನಮ್ಮಪ್ಪನ ಕಾಲದಿಂದ ನಡದು ಬಂದೈತಿ. ಏಟು ತಿಂದ ತಾಮ್ರ ಒಳಗ ಬಿಗಿದಿರ್ತೈತಿ. ಆ ಬಿಗು ಹೊತ್ಕೊಂಡು ಇನ್ನೊಬ್ಬರ ಮನಿ ಗ್ವಾಡಿ ಮ್ಯಾಲೆ ಕೂಡಬಾರ್ದು."

ಇದು ಅವಳಿಗೆ ಗೊತ್ತೇ ಇರಲಿಲ್ಲ. ಅವಳು ಬಂದಮೇಲೆ ಈ ಚಪ್ಪರದಿಂದ ಹೊರಗೆ ಹೋದ ಹೊಸ ಸಾಮಾನು ಒಂದೂ ಇಲ್ಲ. ಬರೀ ತೂತು ಮುಚ್ಚಿಸಿಕೊಂಡು ಹೋದ ಹಳೆಯ ಕೊಡಗಳು.

ತವರದ ಸ್ವಭಾವ ಮಾತ್ರ ಚೆನ್ನಾಗಿ ಗೊತ್ತಿತ್ತು. ಬೆಂಕಿ ಕಂಡರೆ ಅದು ಬೆಣ್ಣೆ. ತಾಮ್ರ ಕೆಂಪಾಗುವ ಎಷ್ಟೋ ಮೊದಲೇ ಕರಗಿ ಸುರಿಯುತ್ತದೆ.

"ನರದಾಗಿನ ಮಸಿ ಎಲ್ಲಾ ಸುಟ್ಟು ಹೋಗ್ತೈತ್ರೀ ಅಜ್ಜಾರ."

"ಮತ್ತ ತುಂಬು. ಕೈ ಸವೀತಾವೇನು?"

"ಬಸ್ಸಿಗೆ ಹೊತ್ತಾಗ್ತೈತ್ರೀ."

"ಬಸ್ಸು ಹನ್ನೊಂದಕ್ಕ. ಅದು ಯಾವತ್ತರ ಹೊತ್ತಿಗೆ ಸರಿಯಾಗಿ ಬಂದೈತೇನು?"

"ಕಾಲೇಜಿನ್ಯಾಗ ಇದನ್ನ ಕೇಳಿಲ್ಲರೀ."

"ನಾ ಕೇಳಾಕತ್ತೀನಿ."

ಇನ್ನೇನು ಹೇಳುತ್ತಾಳೆ? ಇದ್ದಿಲು ಸುರಿದು ಕುಲುಮೆ ಹಚ್ಚಿದಳು. ಎಲೆಗಳನ್ನು ಒಂದರ ಮೇಲೊಂದು ಪೇರಿಸಿ ತಂದಳು, ಅರಳಿಯನ್ನು ಎಲ್ಲಕ್ಕಿಂತ ಕೆಳಗಿಟ್ಟು. ಆರು ಎಲೆ ಮುಗಿಯುವಷ್ಟರಲ್ಲಿ ಏನಾದರೂ ಆಗಬಹುದು ಅಂತ ಒಂದು ಆಸೆ. ಯಾರಾದರೂ ಬರಬಹುದು, ಅಜ್ಜನಿಗೆ ಸಾಕೆನ್ನಿಸಬಹುದು. ಸಿಕ್ಕಿಬೀಳುವ ಮುಂಚೆ ಎಲ್ಲರಿಗೂ ಇಂಥ ಆಸೆ ಇರುತ್ತದೆ.

ಅಜ್ಜ ತಿದಿಯ ಹತ್ತಿರ ಕೂತರು.

"ಇಕ್ಕಳ ನೀ ಹಿಡಿ. ಕೆಲಸ ನಿಂದು."

ಮೊದಲು ಆಲದ ಎಲೆ. ಕಪ್ಪಾಯಿತು, ಆಮೇಲೆ ನಸುಗೆಂಪು. ಅವಳು ಎತ್ತಿ ನೀರಿಗೆ ಅದ್ದಿದಳು. ಚೊಂಯ್ ಎಂದಿತು.

"ಮುಂದಿಂದು," ಎಂದರು ಅಜ್ಜ.

ಮಾವು ಹೋಯಿತು. ಹಲಸಿನ ಎಲೆಯನ್ನು ಅವಳು ಬೇಕಂತಲೇ ತಡಮಾಡಿ ಹಿಡಿದಳು.

"ತಗಿ, ತಗಿ. ಕರಗಿಸಿ ಕುಡೀತಿ ಏನು?"

ತೆಗೆದಳು. ಮುತ್ತುಗ ಹಾಕಿದಳು. ಇಕ್ಕಳ ಕೈಯಲ್ಲಿ ಕುಣಿಯುತ್ತಿತ್ತು.

"ಕೈ ನಡಗಾಕತ್ತಾವಲ್ಲ?"

"ಝಳ ರೀ."

"ಹೂಂ. ಬೆಂಕಿ ಅಂದ್ರ ಝಳ ಇರ್ತೈತಿ." ತಿದಿ ಒಂದೇ ಸಮ ಉಸಿರಾಡುತ್ತಿತ್ತು. "ಇನ್ನ ಎಷ್ಟು ಉಳದಾವ?"

"ಅರಳಿ ಎಲಿಗೆ ಏನೂ ಆಗಿಲ್ಲರೀ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅನ್ನುತ್ತಾರಲ್ಲ, ಹಾಗಾಯಿತು. ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಗಾಬರಿ.

ಅಜ್ಜ ಅವಳ ಮುಖ ನೋಡಲಿಲ್ಲ.

"ಎಷ್ಟು ಉಳದಾವ ಅಂತ ಕೇಳಿದೆ."

"ಮೂರು ರೀ."

"ಹಾಕು ಮತ್ತ."

ವೀಳ್ಯ ಆಯಿತು. ಬಾದಾಮಿ ಆಯಿತು. ಆರು ಎಲೆಗಳೂ ನೀರಿನಿಂದೆದ್ದು ಸಾಲಾಗಿ ಮಲಗಿದವು. ನೆಲದ ಮೇಲೆ ಒಂದೇ ಉಳಿಯಿತು.

ದಾಕ್ಷಾಯಣಿ ಅದನ್ನು ಇಕ್ಕಳದಲ್ಲಿ ಹಿಡಿದು ಎದ್ದು ನಿಂತಳು. ನಿಂತೇ ಇದ್ದಳು.

ಅಜ್ಜ ತಿದಿ ಬಿಟ್ಟರು. ಜೇಬಿನಿಂದ ಕಾಗದ ತೆಗೆದು ತೊಡೆಯ ಮೇಲೆ ಹರಡಿದರು.

"ಬ್ಯಾಡಾದ್ರ ಬ್ಯಾಡ ಬಿಡು."

"ಅಂದ್ರ?"

"ಕೆಲಸ ನಿಂದು ಅಂತ ಆಗಲೇ ಹೇಳೀನಿ. ಆರಕ್ಕ ಬೆಂಕಿ ಕೊಟ್ಟಿ. ಇದೊಂದನ್ನ ಹಂಗ ಒಯ್ತೀನಿ ಅಂದ್ರ ಒಯ್ಯಿ. ಏಳು ನೆಟ್ಟಗದಾವ ಅಂತ ಬರದು ಸಹಿ ಹಾಕ್ತೀನಿ."

"ಖರೇನ ಹಾಕ್ತೀರೇನ್ರೀ?"

"ನೀ ನೆಟ್ಟಗೈತಿ ಅನ್ನು. ಹಾಕ್ತೀನಿ."

ಅಜ್ಜ ಪೆನ್ನಿನ ಟೋಪಿ ತೆಗೆದರು. ಕಾಗದಕ್ಕೆ ಹತ್ತಿರ ತಂದು ಕಾದರು.

ಇಂಥ ಹೊತ್ತಿನಲ್ಲಿ ಅವಳಿಗೆ ಸತ್ಯ, ಧರ್ಮ ಎಲ್ಲ ನೆನಪಾದವು ಅಂತ ನಾನು ಬರೆದರೆ ನೀವು ನಂಬಬೇಡಿ. ಅವಳಿಗೆ ನೆನಪಾದದ್ದು ಅವ್ವ. ನೆನಪಾದದ್ದು ನಾಳೆ ಬರುವ ಪರೀಕ್ಷಕರು. ಅವರು ಎಲೆ ಕೈಗೆತ್ತಿ ನೋಡುತ್ತಾರೆ, ಮುಂದೆ ನೋಡುತ್ತಾರೆ, ಹಿಂದೆ ನೋಡಿದರೂ ಮಸಿ ಬಳಿದಿದೆ. ಬೆಂಕಿಗೆ ಹಾಕಿ ನೋಡುವವರು ಅವರಲ್ಲಿ ಯಾರೂ ಇಲ್ಲ. ಎಲ್ಲಿಂದ ಲೆಕ್ಕ ಹಾಕಿದರೂ ಅವಳು ಪಾಸು. ನಡುವೆ ಇದ್ದದ್ದು ಒಂದೇ ಮಾತು.

ಬಾಯಿ ತೆರೆದಳು.

"ನೆ..."

ಅಜ್ಜ ಕಾಗದದ ಮೇಲೆ ಬಗ್ಗಿದ್ದರು. ತಲೆಯನ್ನೂ ಎತ್ತಲಿಲ್ಲ. ಅವಳು ಏನು ಹೇಳುತ್ತಾಳೋ ಅದನ್ನೇ ಬರೆಯಲು ಕೂತಿದ್ದರು. ಬೈದಿದ್ದರೆ ಅವಳು ಸುಳ್ಳು ಹೇಳುತ್ತಿದ್ದಳು. ಅನುಮಾನಪಟ್ಟಿದ್ದರೂ ಹೇಳುತ್ತಿದ್ದಳು. ಮುದುಕ ಸುಮ್ಮನೆ ಪೆನ್ನು ಹಿಡಿದು ಕೂತದ್ದು ಅವಳಿಗೆ ತಡೆಯಲಾಗಲಿಲ್ಲ.

"ಬರೀಲೇನು?"

"ತಡೀರಿ."

ಅವಳು ಎಲೆಯನ್ನು ಬೆಂಕಿಯಲ್ಲಿಟ್ಟಳು. ಅಜ್ಜ ತಿದಿ ಮುಟ್ಟಲಿಲ್ಲ. ಬಲಗೈಯಲ್ಲಿ ಇಕ್ಕಳ ಹಿಡಿದು, ಎಡಗೈ ಚಾಚಿ, ತಿದಿಯನ್ನೂ ಅವಳೇ ಎಳೆದಳು.

ಮೊದಲು ಏನೂ ಆಗಲಿಲ್ಲ. ಮಸಿ ಹೊಗೆಯಾಡಿತು, ಅಷ್ಟೇ. ಉಳಿಯಬಹುದೇನೋ ಅನ್ನಿಸಿತು ಅವಳಿಗೆ. ದೇವರೇ, ಉಳಿಯಲಿ ಎಂದು ಬೇಡಿಕೊಂಡಳು ಕೂಡ.

ಆಮೇಲೆ ಒಂದು ಬಿಳಿ ಹನಿ ಇದ್ದಿಲ ಮೇಲೆ ಬಿತ್ತು. ಹಿಂದೆಯೇ ಇನ್ನೊಂದು. ಹನ್ನೊಂದನೆಯ ನರ ಬಾಲದ ಕಡೆಯಿಂದ ಬಾಯಿ ಬಿಡುತ್ತ ಬಂದು ಹೊಟ್ಟೆಯ ನಡುವೆ ನಿಂತಿತು. ಅದರೊಳಗಿಂದ ಆಚೆಯ ಕೆಂಡ ಕಾಣುತ್ತಿತ್ತು.

ತಾಮ್ರ ಕೆಂಪಾಗುವವರೆಗೂ ಅವಳು ತಿದಿ ಬಿಡಲಿಲ್ಲ. ಎತ್ತಿ ನೀರಿಗೆ ಅದ್ದಿ, ಅಜ್ಜನ ಮುಂದೆ ಇಟ್ಟಳು. ಇಟ್ಟವಳು ಅಲ್ಲೇ ಕೂತಳು.

"ಒಡದಿತ್ರೀ. ನಾಲ್ಕು ದಿನ ಆತು. ಕಿವಿಯಾಗ ಫೋನ್ ಹಾಕ್ಕೊಂಡು ಬಡದೆ. ನಿಮ್ಮ ಗೂಡಿನ್ಯಾಗಿನ ತವರ ಕದ್ದು ತುಂಬಿದೆ. ಡಿಸೈನ್ ಅಂತ ಸುಳ್ಳು ಹೇಳಿದೆ. ನನಗ ನಾಚಿಕಿ ಆಗಾಕತ್ತೈತ್ರೀ ಅಜ್ಜಾರ."

ಅತ್ತಳು. ಅಜ್ಜ ತಂಬಾಕು ಉಜ್ಜಿಕೊಂಡು ಬಾಯಿಗೆ ಹಾಕಿಕೊಂಡರು. ಸಮಾಧಾನ ಮಾಡುವ ಜಾಯಮಾನ ಅವರದಲ್ಲ.

"ಅಳೂದು ಅಳು, ಆ ಕಡೆ ತಿರುಗಿ ಅಳು. ಎಲಿ ಮ್ಯಾಲೆ ಬಿದ್ರ ಕಲೆ ಆಗ್ತಾವ."

ಅವಳು ಮೂಗು ಒರೆಸಿಕೊಂಡಳು.

"ಈಗ ಓದು. ಏನೇನು ಕೇಳ್ಯಾರ ಇದರಾಗ?"

ಕಾಗದ ಇಂಗ್ಲಿಷಿನಲ್ಲಿತ್ತು. ಅವಳು ಕನ್ನಡದಲ್ಲಿ ಹೇಳಿದಳು. "ಎಷ್ಟು ವಸ್ತು ಆದವು ಅಂತ ಕೇಳ್ಯಾರ್ರೀ."

"ಎಷ್ಟು ಬರೀಲಿ?"

"ಆರು ಬರೀರಿ."

"ಆರು ಅಂದ್ರ ಪಾಸ್ ಮಾಡ್ತಾರ?"

"ಇಲ್ಲರೀ."

"ಮನೀಗೆ ಹೋಗಿ ಅವ್ವಗ ಏನು ಹೇಳ್ತಿ?"

"ಗೊತ್ತಿಲ್ಲರೀ. ಆರ ಬರೀರಿ."

ಅಜ್ಜ ಬರೆಯತೊಡಗಿದರು. ಒಂದೊಂದು ಅಕ್ಷರವನ್ನೂ ಉಳಿಯಿಂದ ಕೆತ್ತಿದಂತೆ ಒತ್ತಿ ಒತ್ತಿ, ಕೊಟ್ಟ ಜಾಗ ಸಾಲದೆ ಅಂಚಿಗೂ ಹಬ್ಬಿಸಿ, ಕನ್ನಡದಲ್ಲೇ ಬರೆದರು. ಬರೆದು ಅವಳ ಕೈಗೆ ಕೊಟ್ಟರು.

"ಏಳು ಮಾಡಿದಾಳೆ. ಆರು ನೆಟ್ಟಗಿವೆ. ಒಂದು ಒಡೆದಿದೆ. ಒಡೆದದ್ದನ್ನು ತಾನೇ ಬೆಂಕಿಗೆ ಹಾಕಿ ತೋರಿಸಿದಾಳೆ. ಏಳೂ ಇವಳ ಕೈಯವು." ಕೆಳಗೆ ಸಹಿ.

ಓದಿ ಅವಳು ಕಾಗದವನ್ನು ಮಡಚಿಟ್ಟುಕೊಂಡಳು. ಪರೀಕ್ಷಕರು ಇದನ್ನು ನೋಡಿ ಏನು ಮಾಡುತ್ತಾರೋ, ಅದು ಅವರಿಗೆ ಬಿಟ್ಟದ್ದು. ನಗಲೂಬಹುದು, ಹರಿದು ಒಗೆಯಲೂಬಹುದು.

ಎಲೆಗಳನ್ನು ಹುಣಸೆಹುಳಿಯಲ್ಲಿ ತಿಕ್ಕಿ ತೊಳೆದಳು. ಮಸಿ ತುಂಬಿ ಒರೆಸಿದಳು. ಆರನ್ನು ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು. ಏಳನೆಯದನ್ನು ಮೂಲೆಗಿಟ್ಟಳು.

"ಅದು?"

"ಅದನ್ನ ಒಯ್ದು ಏನು ಮಾಡ್ಲಿರೀ?"

"ನೀ ಅದನ್ನ ಇಲ್ಲೆ ಬಿಟ್ರ ನಾ ಬರದದ್ದು ಸುಳ್ಳಾಗ್ತೈತಿ. ಹಾಕು ಚೀಲದಾಗ."

ಹಾಕಿಕೊಂಡಳು. ಬಗ್ಗಿ ಅಜ್ಜನ ಕಾಲು ಮುಟ್ಟಿದಳು. ಹತ್ತೂ ಮುಕ್ಕಾಲು ಆಗಿತ್ತು. ಚೀಲ ಹೆಗಲಿಗೇರಿಸಿ ಚಪ್ಪರ ದಾಟಿದವಳು ನಾಲ್ಕು ಹೆಜ್ಜೆ ಹೋಗಿ ನಿಂತಳು, ತಿರುಗಿ ಬಂದಳು.

"ಅಜ್ಜಾರ, ಒಂದು ಮಾತು ಖರೇ ಹೇಳ್ರೀ. ನಿಮಗ ಗೊತ್ತಿತ್ತಲ್ಲ?"

"ಇತ್ತು."

"ಯಾವಾಗ ಗೊತ್ತಾತ್ರೀ? ಇವತ್ತು ನರ ಎಣಿಸಿದಾಗ?"

"ಅಲ್ಲ."

"ತವರ ಕಡಿಮಿ ಆದದ್ದು ನೋಡಿ?"

"ಅಲ್ಲ." ಅಜ್ಜ ಕುಲುಮೆಯ ಕೆಂಡ ಕೆದಕುತ್ತಿದ್ದರು. "ನೀ ಬಡೀವಾಗನ ಗೊತ್ತಾತು. ನಾ ಇಲ್ಲೆ ಉಳಿ ಮಸೀತಿದ್ದೆ. ಸಪ್ಪಳ ಬದಲಾತು. ಆಮ್ಯಾಲೂ ನೀ ಕಾಲು ತಾಸು ಬಡದಿ."

ಅವಳಿಗೆ ಅದು ತಲೆಗೆ ಹೋಗಲು ಸ್ವಲ್ಪ ಹೊತ್ತು ಹಿಡಿಯಿತು. ಹೋದಕೂಡಲೇ ಸಿಟ್ಟು ನೆತ್ತಿಗೇರಿತು. ಗುರು, ಹಿರಿಯರು ಎಲ್ಲ ಮರೆತುಹೋಯಿತು.

"ಅಂದ್ರ ಒಡ್ಯಾಕಿಂತ ಮೊದಲ ಗೊತ್ತಿತ್ತು! ಇನ್ನೂ ಒಡದಿರಲಿಲ್ಲ! ಕಾಲು ತಾಸು ಕೇಳ್ಕೊಂತ ಕುಂತ್ರಿ! 'ಏ ತಂಗಿ, ನಿಲ್ಲಸು' ಅಂತ ಒಂದು ಮಾತು ಅಂದಿದ್ರ ಏನು ಹೋಗ್ತಿತ್ರೀ ನಿಮ್ದು? ನನ್ನ ಒಂದು ವರ್ಷ ಹೋಗಾಕತ್ತೈತಿ! ಯಾಕ ಹೇಳಲಿಲ್ಲ? ಹೇಳ್ರೀ, ಯಾಕ ಹೇಳಲಿಲ್ಲ?"

ರಸ್ತೆಯ ಕಡೆಯಿಂದ ಬಸ್ಸಿನ ಹಾರ್ನ್ ಕೇಳಿಸಿತು. ಅವಳು ಕದಲಲಿಲ್ಲ.

ಅಜ್ಜ ಕೆಂಡಕ್ಕೆ ನೀರು ಚಿಮುಕಿಸಿ ಎದ್ದು ನಿಂತರು.

"ಹೇಳಿದ್ರ ತಾಮ್ರ ಅಷ್ಟ ಉಳೀತಿತ್ತವ್ವಾ."